ಹಾವನ್ನು ಅದರ ಪಾಡಿಗೆ ಬಿಡುವುದೇ ಒಂದು ಕೆಲಸ

"ನನಗೂ ಒಂದು ಹಾವು ಸಾಕಬೇಕು, ಯಾವುದು ತಗೊಳ್ಳಲಿ?" ಎಂದು ಕೇಳುವವರೆಲ್ಲ ಮೊದಲು ಬಣ್ಣದ ಬಗ್ಗೆ ಮಾತಾಡುತ್ತಾರೆ. ಆಮೇಲೆ ಕಚ್ಚುತ್ತದಾ ಎಂದು ವಿಚಾರಿಸುತ್ತಾರೆ. ನನಗೆ ಮಾತ್ರ ಅವರನ್ನು ಬೇರೆಯದೇ ಒಂದು ಮಾತು ಕೇಳಬೇಕೆನಿಸುತ್ತದೆ. ಇಷ್ಟಪಟ್ಟು ತಂದ ಪ್ರಾಣಿಯನ್ನು ಮುಟ್ಟದೆ, ಎಬ್ಬಿಸದೆ, ಹತ್ತು ಸಲ ಇಣುಕಿ ನೋಡದೆ, ಸುಮ್ನೆ ಅದರ ಪಾಡಿಗೆ ಬಿಡುವುದು ನಿಮ್ಮಿಂದ ಆಗುತ್ತದಾ?

ತಮಾಷೆಗೆ ಕೇಳುತ್ತಿಲ್ಲ. ಸಾಕಿದ ಹಾವುಗಳಿಗೆ ಬರುವ ತೊಂದರೆಗಳಲ್ಲಿ ಎಷ್ಟೋ ನಿರ್ಲಕ್ಷ್ಯದಿಂದಲ್ಲ, ಜಾಸ್ತಿ ಪ್ರೀತಿಯಿಂದ ಬರುತ್ತವೆ. ಜಾಸ್ತಿ ಊಟ, ಜಾಸ್ತಿ ಮುದ್ದು, ಜಾಸ್ತಿ ಗಾಬರಿ. ನಾಯಿ ಬೆಕ್ಕು ಸಾಕಿದವರಿಗಂತೂ ಇದು ಇನ್ನೂ ಕಷ್ಟ, ಯಾಕೆಂದರೆ ಅವರ ಕೈಗೆ ತಟ್ಟುವುದು, ಸವರುವುದು, ಹೆಸರು ಹಿಡಿದು ಕರೆಯುವುದು ರೂಢಿಯಾಗಿಬಿಟ್ಟಿರುತ್ತದೆ. ಹಾವಿಗೆ ಅದು ಯಾವುದೂ ಬೇಡ. ಅದಕ್ಕೆ ಬೇಕಿರುವುದು ಸರಿಯಾದ ಬಿಸಿ, ಸರಿಯಾದ ತೇವ, ಅಡಗಲು ಒಂದು ಇಕ್ಕಟ್ಟಾದ ಜಾಗ, ಆಗಾಗ ಒಂದು ಇಲಿ. ಈ ಪಟ್ಟಿಯಲ್ಲಿ ನಾವಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೂ ಸ್ವಲ್ಪ ಸಮಯ ಹಿಡಿಯಿತು.

ಮೊದಲಿಗೆ ವಯಸ್ಸಿನ ಲೆಕ್ಕ ಹೇಳಿಬಿಡುತ್ತೇನೆ. ಇದನ್ನು ಕೇಳಿ ಅರ್ಧ ಜನ ಹಿಂದೆ ಸರಿದರೆ ನನಗೇನೂ ಬೇಜಾರಿಲ್ಲ. ಚೆನ್ನಾಗಿ ನೋಡಿಕೊಂಡರೆ ಕಾರ್ನ್ ಸ್ನೇಕ್ 15ರಿಂದ 20 ವರ್ಷ ಬದುಕುತ್ತದೆ, ಕೆಲವು ಅದನ್ನೂ ದಾಟುತ್ತವೆ. ಬಾಲ್ ಪೈಥಾನ್ ಎಂಬ ಹೆಬ್ಬಾವಾದರೆ 20-30 ವರ್ಷ ಮಾಮೂಲಿ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಹೆಣ್ಣು ಬಾಲ್ ಪೈಥಾನ್ 2020ರಲ್ಲಿ ಏಳು ಮೊಟ್ಟೆ ಇಟ್ಟಿತು. ಆಗ ಅದಕ್ಕೆ ಕಡಿಮೆಯೆಂದರೂ 62 ವರ್ಷ. ಅದಕ್ಕಿಂತ ತಮಾಷೆ ಎಂದರೆ, ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಅದರ ಹತ್ತಿರ ಒಂದು ಗಂಡು ಹಾವೂ ಸುಳಿದಿರಲಿಲ್ಲ! ಅಂದರೆ ಈಗ ಕಾಲೇಜಿನಲ್ಲಿರುವ ಹುಡುಗ ಒಂದು ಬಾಲ್ ಪೈಥಾನ್ ಮರಿ ತಂದರೆ, ಅದು ಅವನ ಕೆಲಸ, ಮದುವೆ, ಮಕ್ಕಳು, ನಾಲ್ಕಾರು ಮನೆ ಬದಲಾವಣೆ ಎಲ್ಲವನ್ನೂ ನೋಡಿ, ಅವನ ತಲೆ ನರೆಯುವ ಹೊತ್ತಿಗೂ ಅದೇ ಪೆಟ್ಟಿಗೆಯ ಮೂಲೆಯಲ್ಲಿ ಸುತ್ತಿಕೊಂಡು ಮಲಗಿರಬಹುದು. ಮನೆಯವರನ್ನು ಒಪ್ಪಿಸದೆ ಗುಟ್ಟಾಗಿ ತರುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಇಷ್ಟು ವರ್ಷ ಯಾರೂ ಗುಟ್ಟು ಕಾಪಾಡಲಾರರು.

ಎರಡನೆಯದು ಕಾನೂನು. ಯಾವ ಹಾವು ಸಾಕಬಹುದು, ಯಾವುದಕ್ಕೆ ಪರವಾನಗಿ ಬೇಕು, ಯಾವುದನ್ನು ಮುಟ್ಟುವಂತೆಯೇ ಇಲ್ಲ ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ತರಹ. ಸ್ಥಳೀಯ ಕಾಡು ಹಾವನ್ನು ಹಿಡಿದು ಇಟ್ಟುಕೊಳ್ಳುವುದು ಎಷ್ಟೋ ಕಡೆ ಅಪರಾಧ. ಪೈಥಾನ್‌ಗಳಂತೂ ಎಲ್ಲವೂ ಕಾಡುಪ್ರಾಣಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಾಗದಪತ್ರ ಬೇಕೇ ಬೇಕು. ಆದ್ದರಿಂದ ಮಾರುವವನ ಬಾಯಿಮಾತು ನಂಬಬೇಡಿ, ನಿಯಮವನ್ನು ನೀವೇ ಓದಿ. ಕಾಗದ ತೋರಿಸಿ ಎಂದಾಗ "ಅದೆಲ್ಲ ಏನೂ ಬೇಕಿಲ್ಲ" ಎನ್ನುವವನ ಹತ್ತಿರ ಎರಡನೇ ಸಲ ಹೋಗಬೇಡಿ.

ಇನ್ನು ಆಯ್ಕೆ.

ನನ್ನನ್ನು ಕೇಳಿದರೆ ಮೊದಲ ಹಾವಾಗಿ ಕಾರ್ನ್ ಸ್ನೇಕ್, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಇದರ ಮೂಲ ಅಮೆರಿಕದ ಆಗ್ನೇಯ ಭಾಗ. ವಿಷವಿಲ್ಲ. ಮೊಟ್ಟೆಯಿಂದ ಹೊರಬಂದಾಗ ಸುಮಾರು ಒಂದು ಅಡಿ, ಪೆನ್ಸಿಲ್‌ನಷ್ಟೂ ದಪ್ಪ ಇರುವುದಿಲ್ಲ. ಬೆಳೆದ ಮೇಲೆ ಮೂರರಿಂದ ಐದು ಅಡಿ. ಊಟಕ್ಕೆ ತಕರಾರು ಮಾಡುವುದು ಕಡಿಮೆ, ಬಿಸಿ ಒಂದೆರಡು ಡಿಗ್ರಿ ಆಚೀಚೆ ಆದರೂ ಸುಧಾರಿಸಿಕೊಳ್ಳುತ್ತದೆ. ಕೈಗೆ ತೆಗೆದುಕೊಂಡರೆ ಕೂತಲ್ಲಿ ಕೂರುವುದಿಲ್ಲ, ಬೆರಳ ಸಂದಿಯಿಂದ ತೋಳಿಗೆ, ತೋಳಿನಿಂದ ಕುತ್ತಿಗೆಗೆ ಹರಿಯುತ್ತಲೇ ಇರುತ್ತದೆ. ಕೆಲವರಿಗೆ ಅದೇ ಇಷ್ಟ, ಕೆಲವರಿಗೆ ಎದೆ ಧಸಕ್ಕೆನ್ನುತ್ತದೆ.

ಬಾಲ್ ಪೈಥಾನ್ ಇದಕ್ಕೆ ತದ್ವಿರುದ್ಧ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು, ದಪ್ಪ ಮೈ, ನಿಧಾನ. ಹೆದರಿದರೆ ಕಚ್ಚುವ ಬದಲು ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗಿಬಿಡುತ್ತದೆ. ಹಿಡಿದುಕೊಳ್ಳಲು ಇದಕ್ಕಿಂತ ಸಲೀಸಾದ ಹಾವು ಸಿಗುವುದು ಕಷ್ಟ. ಅದಕ್ಕೇ ಬಹಳ ಜನ ಇದನ್ನೇ ಮೊದಲು ತರುತ್ತಾರೆ. ಆದರೆ ಇದಕ್ಕೆ ತೇವ ಜಾಸ್ತಿ ಬೇಕು, ಬಿಸಿಯ ವಿಷಯದಲ್ಲಿ ಹಟಮಾರಿ, ಊಟದ ವಿಷಯದಲ್ಲಿ ಅದಕ್ಕಿಂತ ದೊಡ್ಡ ಹಟಮಾರಿ. ಕಾರಣವೇ ಇಲ್ಲದಂತೆ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ. ಮನಸ್ಸು ಗಟ್ಟಿ ಇದ್ದವರು ತನ್ನಿ.

ಕಿಂಗ್ ಸ್ನೇಕ್ ಮತ್ತು ಅದರ ಹತ್ತಿರದ ಬಂಧು ಮಿಲ್ಕ್ ಸ್ನೇಕ್ ಕೂಡ ಒಳ್ಳೆಯ ಆಯ್ಕೆ. ಹೊಟ್ಟೆಬಾಕ ಹಾವುಗಳು. ಕಾಡಿನಲ್ಲಿ ಕಿಂಗ್ ಸ್ನೇಕ್ ಬೇರೆ ಹಾವುಗಳನ್ನೇ ತಿನ್ನುತ್ತದೆ, ವಿಷದ ಹಾವನ್ನೂ ಬಿಡುವುದಿಲ್ಲ. ಹಾಗಾಗಿ ಜೊತೆಗೊಂದು ಇರಲಿ ಎಂದು ಎರಡನ್ನು ಒಟ್ಟಿಗೆ ಬಿಟ್ಟರೆ ಬೆಳಗ್ಗೆ ಒಂದೇ ಉಳಿದಿರಬಹುದು. ಕಿಂಗ್ ಸ್ನೇಕ್ ಎಂದಲ್ಲ, ಹೆಚ್ಚಿನ ಹಾವುಗಳಿಗೆ ಜೊತೆ ಬೇಡ. "ಪಾಪ, ಒಂದೇ ಇದೆ" ಎಂಬುದು ನಮ್ಮ ಸಂಕಟ, ಅದರದ್ದಲ್ಲ.

ಕೀನ್ಯನ್ ಸ್ಯಾಂಡ್ ಬೋವಾ ಪುಟ್ಟದು, ಜಾಗ ಕಡಿಮೆ ಸಾಕು, ಆದರೆ ಇಡೀ ದಿನ ಮರಳಿನಡಿಯಲ್ಲೇ ಹೂತುಕೊಂಡಿರುತ್ತದೆ. ನೆಂಟರು ಬಂದು ನೋಡಿ "ಎಲ್ಲಿ ಹಾವು?" ಎಂದು ಕೇಳಿದರೆ ನೀವು ಮರಳು ತೋರಿಸಬೇಕು. ದೊಡ್ಡ ಬೋವಾ, ಬರ್ಮೀಸ್ ಪೈಥಾನ್, ರೆಟಿಕ್ಯುಲೇಟೆಡ್ ಪೈಥಾನ್ ಇವುಗಳ ಮರಿ ಎಷ್ಟೇ ಮುದ್ದಾಗಿದ್ದರೂ ಮೊದಲ ಹಾವಲ್ಲ. ವಿಷದ ಹಾವಿನ ಬಗ್ಗೆ ಮಾತೇ ಬೇಡ.

ಸಸ್ಯಾಹಾರಿ ಹಾವು ಇದೆಯಾ ಎಂದು ಕೇಳುವವರೂ ಇದ್ದಾರೆ. ಇಲ್ಲ. ಜಗತ್ತಿನಲ್ಲಿರುವ ಸುಮಾರು 4000 ಜಾತಿಗಳಲ್ಲಿ ಒಂದೂ ಇಲ್ಲ. ಮೊಟ್ಟೆ ಮಾತ್ರ ತಿನ್ನುವ ಒಂದು ಬಗೆಯ ಆಫ್ರಿಕನ್ ಹಾವು ಇದೆ, ಆದರೆ ಅದರ ಮರಿಗೆ ಬೇಕಾದಷ್ಟು ಸಣ್ಣ ಮೊಟ್ಟೆ ಹುಡುಕುವುದರಲ್ಲೇ ನಿಮ್ಮ ಆಯಸ್ಸು ಕಳೆಯುತ್ತದೆ. ಗಾರ್ಟರ್ ಸ್ನೇಕ್ ಮೀನು, ಎರೆಹುಳು ತಿನ್ನುತ್ತದೆ, ಆದರೆ ಗೋಲ್ಡ್ ಫಿಷ್‌ನಂಥ ಕೆಲವು ಹಸಿ ಮೀನನ್ನೇ ಕೊಡುತ್ತಾ ಹೋದರೆ ಬಿ1 ವಿಟಮಿನ್ ಕೊರತೆ ಬರುತ್ತದೆ. ಫ್ರೀಜರ್‌ನಲ್ಲಿ ಸತ್ತ ಇಲಿಗಳ ಪೊಟ್ಟಣ ಇಡಲು ಮನೆಯಲ್ಲಿ ಯಾರಿಗಾದರೂ ಅಸಹ್ಯ ಎನಿಸುವುದಾದರೆ ಆ ಜಗಳವನ್ನು ಹಾವು ತರುವ ಮೊದಲೇ ಆಡಿ ಮುಗಿಸಿ.

ಬಣ್ಣದ ಬಗ್ಗೆ ಎರಡು ಮಾತು. ಬಾಲ್ ಪೈಥಾನ್‌ನಲ್ಲೂ ಕಾರ್ನ್ ಸ್ನೇಕ್‌ನಲ್ಲೂ ತಳಿಗಾರರು ಲೆಕ್ಕವಿಲ್ಲದಷ್ಟು ಬಣ್ಣ, ಚಿತ್ತಾರಗಳನ್ನು ಹುಟ್ಟಿಸಿದ್ದಾರೆ. ಇವನ್ನು ಮಾರ್ಫ್ ಎನ್ನುತ್ತಾರೆ. ಅಪರೂಪದ ಮಾರ್ಫ್‌ಗೆ ಕಂಡಾಪಟ್ಟೆ ಹಣ ಸುರಿದು, ಅದನ್ನು ಥರ್ಮೋಸ್ಟಾಟ್ (ಬಿಸಿ ಮಿತಿ ಮೀರದಂತೆ ಕಾಯುವ ಸಾಧನ) ಇಲ್ಲದ ಡಬ್ಬಿಯಲ್ಲಿ ಇಡುವವರನ್ನು ನೋಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದರೆ ಇದೇ. ಇನ್ನೊಂದು, ಚೆಂದದ ಬಣ್ಣದ ಜೊತೆ ಕಾಯಿಲೆಯೂ ಬರಬಹುದು. ಬಾಲ್ ಪೈಥಾನ್‌ನ 'ಸ್ಪೈಡರ್' ಮಾರ್ಫ್‌ನಲ್ಲಿ ತಲೆ ಅಲ್ಲಾಡುವ, ಸಮತೋಲನ ತಪ್ಪುವ ತೊಂದರೆ ವಂಶವಾಹಿಯ ಜೊತೆಗೇ ಅಂಟಿಕೊಂಡಿದೆ. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಇಲಿ ಹಿಡಿಯಲೂ ಆಗದಷ್ಟು. ಅಂಥದ್ದನ್ನು ಕೊಂಡರೆ ಇನ್ನಷ್ಟು ಹುಟ್ಟಿಸಲು ದುಡ್ಡು ಕೊಟ್ಟಂತೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಇದ್ದಾರೆ, ಇರಲಿ.

ಮರಿಯನ್ನು ಯಾರ ಹತ್ತಿರ ಕೊಳ್ಳುತ್ತೀರಿ ಎಂಬುದು ಬಣ್ಣಕ್ಕಿಂತ ಮುಖ್ಯ. ಸಾಕಣೆಯಲ್ಲೇ ಹುಟ್ಟಿದ್ದು ಆಗಿರಲಿ, ಕಾಡಿನಿಂದ ಹಿಡಿದು ತಂದದ್ದು ಬೇಡವೇ ಬೇಡ. ಕಾಡಿನ ಹಾವು ಹೊಟ್ಟೆಯಲ್ಲಿ ಹುಳ, ಮೈಮೇಲೆ ಉಣ್ಣಿ, ತಲೆಯಲ್ಲಿ ಭಯ ಹೊತ್ತುಕೊಂಡು ಬಂದಿರುತ್ತದೆ, ಎಷ್ಟೋ ಸಲ ಏನನ್ನೂ ತಿನ್ನದೆ ಸತ್ತೂ ಹೋಗುತ್ತದೆ. ಒಳ್ಳೆಯ ತಳಿಗಾರರು ಪ್ರತಿ ಮರಿಯ ಊಟದ ದಾಖಲೆ ಇಟ್ಟಿರುತ್ತಾರೆ, ಯಾವಾಗ ಹುಟ್ಟಿತು, ಏನು ತಿಂದಿತು, ಯಾವಾಗ ಬೇಡ ಎಂದಿತು ಎಲ್ಲ. ಅದನ್ನು ಕೇಳಿ ನೋಡಿ. ಸಾಧ್ಯವಾದರೆ ನಿಮ್ಮ ಎದುರೇ ಊಟ ಮಾಡಿಸಲು ಹೇಳಿ. ಆಗಷ್ಟೇ ಹುಟ್ಟಿದ ಮರಿಗಿಂತ ಕೆಲವು ತಿಂಗಳಾಗಿ, ಫ್ರೀಜರ್‌ನಿಂದ ತೆಗೆದು ಮಂಜು ಕರಗಿಸಿದ ಇಲಿಯನ್ನು ತಕರಾರಿಲ್ಲದೆ ತಿನ್ನುತ್ತಿರುವ ಮರಿ ಹೊಸಬರಿಗೆ ಎಷ್ಟೋ ವಾಸಿ. ಕೈಗೆ ತೆಗೆದುಕೊಂಡಾಗ ಮೈ ಬಿಗಿಯಾಗಿರಬೇಕು, ಸಡಿಲವಾದ ಹಗ್ಗದ ಹಾಗೆ ಜೋತು ಬೀಳಬಾರದು. ಕಣ್ಣು ತಿಳಿಯಾಗಿರಬೇಕು, ಉಸಿರಿನಲ್ಲಿ ಸದ್ದಿರಬಾರದು, ಬಾಯಂಚಿನಲ್ಲಿ ನೊರೆ ಇರಬಾರದು, ನಾಲಿಗೆ ಆಗಾಗ ಹೊರಗೆ ಬಂದು ಹೋಗುತ್ತಿರಬೇಕು. ಆ ನಾಲಿಗೆ ಗಾಳಿಯಲ್ಲಿನ ವಾಸನೆಯ ಕಣಗಳನ್ನು ಅಂಗುಳಿನಲ್ಲಿರುವ ಜೇಕಬ್ಸನ್ ಅಂಗಕ್ಕೆ ಮುಟ್ಟಿಸುತ್ತಿರುತ್ತದೆ, ಅಂದರೆ ಅದು ನಿಮ್ಮನ್ನು ಮೂಸಿ ನೋಡುತ್ತಿದೆ ಎಂದರ್ಥ.

ಪೆಟ್ಟಿಗೆಯನ್ನು ಹಾವಿಗಿಂತ ಮೊದಲು ತನ್ನಿ. ಹಾವು ನೇರವಾಗಿ ಮೈಚಾಚಿ ಮಲಗುವಷ್ಟು ಉದ್ದದ ಪೆಟ್ಟಿಗೆ ಇದ್ದರೆ ಒಳ್ಳೆಯದು. ಮರಿಗೆ ಸಣ್ಣದು ಸಾಕು. ದೊಡ್ಡದರಲ್ಲೇ ಬಿಡುವುದಾದರೆ ಎಲೆ, ತೊಗಟೆ, ಕೊಂಬೆ ತುಂಬಿ ಬಯಲು ಜಾಗ ಉಳಿಯದ ಹಾಗೆ ಮಾಡಿ, ಯಾಕೆಂದರೆ ಬಯಲು ಎಂದರೆ ಅದಕ್ಕೆ ಹದ್ದು ಬಂದು ಎತ್ತಿಕೊಂಡು ಹೋಗುವ ಜಾಗ. ಅಡಗಲು ಎರಡು ಗೂಡು ಬೇಕು, ಒಂದು ಬಿಸಿ ಕಡೆ, ಒಂದು ತಂಪು ಕಡೆ. ಒಂದೇ ಇಟ್ಟರೆ ಹಾವು ಬಿಸಿಯನ್ನು ಬಿಟ್ಟಾದರೂ ಭದ್ರತೆಯನ್ನು ಆರಿಸಿಕೊಳ್ಳುತ್ತದೆ, ಆಮೇಲೆ ತಿಂದದ್ದು ಕರಗುವುದಿಲ್ಲ. ಗೂಡು ಇಕ್ಕಟ್ಟಾಗಿರಲಿ, ಸುತ್ತಲೂ ಮೈಗೆ ತಾಗಬೇಕು. ನಮಗೆ ಉಸಿರುಗಟ್ಟುವಂತೆ ಕಾಣುವ ಜಾಗ ಅದಕ್ಕೆ ನೆಮ್ಮದಿ.

ಕೆಳಗೆ ಹಾಸಲು ಕಾರ್ನ್ ಸ್ನೇಕ್‌ಗೆ ಆಸ್ಪೆನ್ ಮರದ ಹೊಟ್ಟು, ಬಾಲ್ ಪೈಥಾನ್‌ಗೆ ತೇವ ಹಿಡಿಯುವ ತೆಂಗಿನ ನಾರಿನ ಪುಡಿ ಅಥವಾ ಸಿಪ್ಪೆ. ದೇವದಾರಿನ ಹೊಟ್ಟು ಯಾವ ಕಾರಣಕ್ಕೂ ಬೇಡ, ಅದರ ಘಾಟು ಎಣ್ಣೆ ಹಾವಿಗೆ ವಿಷ. ಮುಚ್ಚಳಕ್ಕೆ ಬೀಗವೋ ಗಟ್ಟಿ ಕ್ಲಿಪ್ಪೋ ಇರಲೇಬೇಕು. ತಲೆ ತೂರುವಷ್ಟು ಸಂದಿ ಸಿಕ್ಕರೆ ಮೈ ಹಿಂದೆಯೇ ಬರುತ್ತದೆ. ರಾತ್ರಿಯೆಲ್ಲ ಮೂಗಿನಿಂದ ಮುಚ್ಚಳ ತಳ್ಳಿ ತಳ್ಳಿ ನೋಡುವುದು ಕಾರ್ನ್ ಸ್ನೇಕ್‌ನ ಕಸುಬು.

ಈಗ ಬಿಸಿ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಹಾವಿನ ಮೈ ನಮ್ಮ ಹಾಗೆ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಬಿಸಿ ಬೇಕಾದರೆ ಬಿಸಿ ಇರುವ ಕಡೆ ಹೋಗುತ್ತದೆ, ಸಾಕಾದರೆ ತಂಪಿಗೆ ಬರುತ್ತದೆ. ಅಷ್ಟೇ ಅದರ ವ್ಯವಸ್ಥೆ. ತಿಂದದ್ದು ಕರಗುವುದು, ಕಾಯಿಲೆಯ ವಿರುದ್ಧ ಮೈ ಹೋರಾಡುವುದು, ಎಲ್ಲವೂ ಈ ಓಡಾಟದ ಮೇಲೆ ನಿಂತಿದೆ. ಹಾಗಾಗಿ ಇಡೀ ಪೆಟ್ಟಿಗೆಗೆ ಒಂದೇ ಉಷ್ಣತೆ ಕೊಟ್ಟರೆ ಅದರ ಕೈಯಲ್ಲಿದ್ದ ಒಂದೇ ಒಂದು ಆಯ್ಕೆಯನ್ನು ಕಿತ್ತುಕೊಂಡ ಹಾಗೆ. ಕಾರ್ನ್ ಸ್ನೇಕ್‌ಗೆ ಬಿಸಿ ತುದಿ 29-31 ಡಿಗ್ರಿ ಸೆಲ್ಸಿಯಸ್, ತಂಪು ತುದಿ 22-25. ಬಾಲ್ ಪೈಥಾನ್‌ಗೆ ಬಿಸಿ ತುದಿ 31-33, ತಂಪು ತುದಿ 25-27. ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ಹಾಸು, ಬಳಸಿದರೆ ಪೆಟ್ಟಿಗೆಯ ತಳದ ಮೂರನೇ ಒಂದು ಭಾಗಕ್ಕೆ ಮಾತ್ರ ಬರಲಿ. ಮೇಲಿನಿಂದ ಬಲ್ಬ್ ಹಾಕಿದರೆ ಹಾವು ತಾಗದಂತೆ ಜಾಲರಿ ಇರಲಿ. ಏನೇ ಹಾಕಿದರೂ ಥರ್ಮೋಸ್ಟಾಟ್ ಇಲ್ಲದೆ ಸ್ವಿಚ್ ಒತ್ತಬೇಡಿ. ಮೈ ಸುಡುತ್ತಿದ್ದರೂ ಹಾವು ಅಲ್ಲಿಂದ ಏಳದೆ ಮಲಗಿಯೇ ಇರುವುದುಂಟು. ಹೊಟ್ಟೆಯ ಹುರುಪೆಗಳು ಕಂದಿ, ಬೊಬ್ಬೆ ಎದ್ದ ಮೇಲೆಯೇ ನಮಗೆ ಗೊತ್ತಾಗುವುದು. ಇದೇ ಕಾರಣಕ್ಕೆ 'ಹಾಟ್ ರಾಕ್' ಎಂದು ಮಾರುವ ಬಿಸಿ ಕಲ್ಲುಗಳನ್ನು ನಾನು ಹತ್ತಿರ ಸೇರಿಸುವುದಿಲ್ಲ.

ಥರ್ಮಾಮೀಟರ್ ಎರಡು ಬೇಕು, ಎರಡು ತುದಿಗೆ. ಗಾಜಿಗೆ ಅಂಟಿಸುವ ಗುಂಡನೆಯ ಮುಳ್ಳಿನ ಥರ್ಮಾಮೀಟರ್ ತೋರಿಸುವುದು ಗಾಜಿನ ಹತ್ತಿರದ ಗಾಳಿಯನ್ನು, ಹಾವು ಮಲಗುವ ನೆಲವನ್ನಲ್ಲ. ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಪ್ರೋಬ್ ಇರುವ ಡಿಜಿಟಲ್ ಒಂದನ್ನು ಗೂಡಿನೊಳಗೆ ಇಳಿಬಿಡಿ. ಹಾವು ಬರುವ ಮೊದಲು ಕೆಲವು ದಿನ ಖಾಲಿ ಪೆಟ್ಟಿಗೆಯನ್ನೇ ನಡೆಸಿ, ಬೆಳಗ್ಗೆ, ಮಧ್ಯಾಹ್ನ, ನಡುರಾತ್ರಿ ಎಷ್ಟಿದೆ ಎಂದು ಬರೆದಿಡಿ. ಖಾಲಿ ಡಬ್ಬಿಯ ಜ್ವರ ನೋಡುತ್ತಾ ಕೂತ ನಿಮ್ಮನ್ನು ಮನೆಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ಹಾವು ಬಂತು ಎಂದುಕೊಳ್ಳಿ. ಮೊದಲ ವಾರ ಏನೂ ಮಾಡಬೇಡಿ. ನೀರು ಬದಲಿಸಿ, ಬಾಗಿಲು ಮುಚ್ಚಿ. ಫೋಟೋಗೆ ಹೊರಗೆ ತೆಗೆಯಬೇಡಿ, ಪಕ್ಕದ ಮನೆಯವರಿಗೆ ತೋರಿಸಲು ಗೂಡು ಎತ್ತಬೇಡಿ. ಹಾಲನ್ನಂತೂ ಇಡಲೇಬೇಡಿ, ಕುಡಿಯಲು ಅದಕ್ಕೆ ನೀರೊಂದೇ ಸಾಕು. ವಾರ ಕಳೆದ ಮೇಲೆ ಮೊದಲ ಊಟ.

ಊಟ ಕೊಡುವ ದಿನ ನನಗೆ ಈಗಲೂ ಸಣ್ಣ ಉತ್ಸಾಹ ಇರುತ್ತದೆ. ಹಿಂದಿನ ರಾತ್ರಿಯೇ ಇಲಿಯನ್ನು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿರುತ್ತೇನೆ. ಸಂಜೆ ಜಿಪ್ ಚೀಲದಲ್ಲಿ ಹಾಕಿ ಬಿಸಿ ನೀರಿನಲ್ಲಿ ಮುಳುಗಿಸಿ, ಹೊಟ್ಟೆಯ ಭಾಗ ಒತ್ತಿ ನೋಡುತ್ತೇನೆ, ನಡುವೆ ಗಟ್ಟಿ ಮಂಜು ಉಳಿದಿರಬಾರದು. ಮೈಕ್ರೋವೇವ್ ಬೇಡ. ಒಳಗೆ ಅರ್ಧ ಬೆಂದು, ಒಡೆದು ಹೋಗುವ ರಾಮಾಯಣ ಯಾರಿಗೂ ಬೇಡ. ಆಮೇಲೆ ಉದ್ದನೆಯ ಇಕ್ಕಳದಿಂದ ಬಾಲ ಹಿಡಿದು ಗೂಡಿನ ಬಾಯಿಯ ಹತ್ತಿರ ಮೆಲ್ಲಗೆ ಆಡಿಸುತ್ತೇನೆ. ಮೊದಲು ಬರೀ ನಾಲಿಗೆ ಕಾಣುತ್ತದೆ. ಆಮೇಲೆ ಮೂಗು. ಕುತ್ತಿಗೆ ನಿಧಾನವಾಗಿ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಮಡಚಿಕೊಳ್ಳುತ್ತದೆ, ಒಂದು ಕ್ಷಣ ಎಲ್ಲ ನಿಂತುಹೋಗುತ್ತದೆ, ಇಕ್ಕಳಕ್ಕೆ ಜಗ್ಗಿದ್ದು ಗೊತ್ತಾಗುವಷ್ಟರಲ್ಲಿ ಇಲಿಯ ಸುತ್ತ ಎರಡು ಸುತ್ತು ಬಿದ್ದಿರುತ್ತವೆ. ಸತ್ತ ಇಲಿಯನ್ನೇ ಮತ್ತೊಮ್ಮೆ ಕೊಲ್ಲುತ್ತಿರುತ್ತದೆ, ಪಾಪ. ಹೀಗೆ ಸುತ್ತಿ ಬಿಗಿಯುವುದು ಉಸಿರುಗಟ್ಟಿಸಲು ಎಂದು ಬಹಳ ಕಾಲ ಜನ ನಂಬಿದ್ದರು. ಬೋವಾಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಗಿದ ಕೆಲವೇ ಕ್ಷಣಗಳಲ್ಲಿ ಇಲಿಯ ರಕ್ತ ಸಂಚಾರವೇ ಕುಸಿಯುವುದು ಕಂಡುಬಂತು. ನುಂಗುವಾಗ ದವಡೆ ಕಳಚಿಕೊಳ್ಳುತ್ತದೆ ಎನ್ನುವುದೂ ನಿಜವಲ್ಲ. ಕೆಳದವಡೆಯ ಎರಡು ಅರ್ಧಗಳು ಮುಂದೆ ಮೂಳೆಯಿಂದ ಬೆಸೆದುಕೊಂಡಿಲ್ಲ, ಹಿಗ್ಗುವ ಪಟ್ಟಿಯಿಂದ ಸೇರಿವೆ. ಹಾಗಾಗಿ ಬಲಗಡೆ ಒಂದು ಹೆಜ್ಜೆ, ಎಡಗಡೆ ಒಂದು ಹೆಜ್ಜೆ ಇಟ್ಟು ಇಲಿಯ ಮೇಲೆ ಬಾಯಿ ನಡೆದುಕೊಂಡು ಹೋಗುತ್ತದೆ. ಕೊನೆಯಲ್ಲಿ ತುಟಿಯಂಚಿನಲ್ಲಿ ಬಾಲದ ತುದಿ ಮಾತ್ರ ಉಳಿದಿರುತ್ತದೆ. ಅದೂ ಒಳಗೆ ಹೋದ ಮೇಲೆ ಎರಡು ಸಲ ದೊಡ್ಡದಾಗಿ ಆಕಳಿಸಿ ದವಡೆ ಸರಿಮಾಡಿಕೊಳ್ಳುತ್ತದೆ.

ಇಲಿಯ ಗಾತ್ರ ಹಾವಿನ ಮೈಯ ಅತಿ ದಪ್ಪ ಭಾಗದಷ್ಟು ಇದ್ದರೆ ಸರಿ. ಮರಿಗೆ ಐದರಿಂದ ಏಳು ದಿನಕ್ಕೊಮ್ಮೆ ಪುಟ್ಟ ಇಲಿಮರಿ, ದೊಡ್ಡ ಕಾರ್ನ್ ಸ್ನೇಕ್‌ಗೆ ಹತ್ತರಿಂದ ಹದಿನಾಲ್ಕು ದಿನಕ್ಕೊಂದು, ಬೆಳೆದ ಬಾಲ್ ಪೈಥಾನ್‌ಗೆ ಎರಡರಿಂದ ನಾಲ್ಕು ವಾರಕ್ಕೊಂದು. ಕಡಿಮೆ ಅನಿಸುತ್ತದೆ ಅಲ್ವಾ? ಎಲ್ಲರಿಗೂ ಅನಿಸುತ್ತದೆ. ಅದಕ್ಕೇ ಸಾಕಿದ ಹಾವುಗಳಲ್ಲಿ ಬೊಜ್ಜು ಅಷ್ಟು ಮಾಮೂಲಿ. ಜೀವಂತ ಇಲಿ ಬಿಡುವುದು ಸಹಜ ಎಂದು ವಾದಿಸುವವರಿಗೆ ಒಂದೇ ಮಾತು: ಮೂಲೆಗೆ ಸಿಕ್ಕ ಇಲಿ ಕಚ್ಚುತ್ತದೆ, ಹಸಿವಿಲ್ಲದೆ ಮಲಗಿದ ಹಾವಿನ ಬೆನ್ನನ್ನು ಮೂಳೆ ಕಾಣುವವರೆಗೂ ಕಡಿದು ಹಾಕಬಲ್ಲದು.

ತಿಂದ ಮೇಲೆ ಎರಡು ದಿನ ಮುಟ್ಟಬೇಡಿ. ಮುಟ್ಟಿದರೆ ಕಕ್ಕಿಬಿಡುವ ಸಂಭವ ಇದೆ. ಊಟ ಎನ್ನುವುದು ಹಾವಿನ ಮೈಗೆ ಎಷ್ಟು ದೊಡ್ಡ ಕೆಲಸ ಎಂದರೆ, ಬರ್ಮೀಸ್ ಪೈಥಾನ್‌ಗಳಲ್ಲಿ ದೊಡ್ಡ ಊಟದ ಎರಡು ದಿನದೊಳಗೆ ಹೃದಯವೇ ಸುಮಾರು 40% ಬೆಳೆಯುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ನಮ್ಮ ಪುಟ್ಟ ಕಾರ್ನ್ ಸ್ನೇಕ್ ಅಷ್ಟು ದೊಡ್ಡ ಊಟ ಮಾಡುವುದಿಲ್ಲ ನಿಜ, ಆದರೂ ಒಳಗೆ ಕಾರ್ಖಾನೆ ನಡೆಯುತ್ತಿರುತ್ತದೆ. ಒಂದು ವೇಳೆ ಕಕ್ಕಿದರೆ ಹಸಿದಿದೆ ಎಂದು ಕೂಡಲೇ ಇನ್ನೊಂದು ಕೊಡಬೇಡಿ. ಎರಡು ವಾರ ಬಿಡಿ, ಬಿಸಿ ಸರಿ ಇದೆಯಾ ನೋಡಿ, ಆಮೇಲೆ ಸಣ್ಣದೊಂದು ಕೊಡಿ.

ಇನ್ನು ಆ ಉಪವಾಸ. ಹೊಸಬರನ್ನು ಕಂಗೆಡಿಸುವುದು ಇದೇ. ಮೊದಲ ವಾರ ಬೇಡ ಎಂದಿತು, ಎರಡನೇ ವಾರವೂ ಬೇಡ, ಮೂರನೆಯದಕ್ಕೆ ನಿದ್ದೆ ಹಾರಿಹೋಗುತ್ತದೆ. ದಿನಾ ಇಲಿ ಹಿಡಿದು ಅದರ ಮೂಗಿಗೆ ತಟ್ಟುತ್ತಾರೆ, ಗೂಡು ಬದಲಿಸುತ್ತಾರೆ, ಬಲ್ಬು ಬದಲಿಸುತ್ತಾರೆ, ಪೆಟ್ಟಿಗೆಯನ್ನೇ ಇನ್ನೊಂದು ಕೋಣೆಗೆ ಎತ್ತಿಡುತ್ತಾರೆ. ಮಾಡಿದಷ್ಟೂ ಹಾವು ಇನ್ನಷ್ಟು ಬಿಗಿಯುತ್ತದೆ. ಮೊದಲು ಬಿಸಿ, ತೇವ, ಗೂಡು ಸರಿ ಇವೆಯಾ ನೋಡಿ. ಸರಿ ಇದ್ದರೆ ಅಡುಗೆಮನೆಯ ತಕ್ಕಡಿಯಂಥ ಒಂದು ಡಿಜಿಟಲ್ ತಕ್ಕಡಿಯನ್ನು ಹಾವಿಗೆಂದೇ ಇಟ್ಟುಕೊಂಡು ವಾರಕ್ಕೊಮ್ಮೆ ತೂಕ ಬರೆದಿಡಿ. ಬೆಳೆದ ಬಾಲ್ ಪೈಥಾನ್ ತಿಂಗಳುಗಟ್ಟಲೆ ತಿನ್ನದೆ ಇದ್ದೂ ತೂಕ ಹೆಚ್ಚೂಕಡಿಮೆ ಹಾಗೇ ಉಳಿಸಿಕೊಳ್ಳುತ್ತದೆ. ತೂಕ ನೂರಕ್ಕೆ ಹತ್ತರಷ್ಟು ಇಳಿದರೆ, ಅಥವಾ ತಿನ್ನದಿರುವುದು ಸಣ್ಣ ಮರಿಯಾದರೆ, ವೈದ್ಯರ ಹತ್ತಿರ ಹೋಗಿ. ಅಲ್ಲಿಯವರೆಗೆ ಹತ್ತು-ಹದಿನೈದು ದಿನಕ್ಕೊಮ್ಮೆ ಮಾತ್ರ ಇಲಿ ತೋರಿಸಿ. ಇಲಿ ಬೆಚ್ಚಗಿರಬೇಕು, ಬಾಲ್ ಪೈಥಾನ್‌ನ ಮೇಲ್ತುಟಿಯಲ್ಲಿ ಶಾಖ ಗ್ರಹಿಸುವ ಗುಳಿಗಳಿವೆ, ತಣ್ಣಗಿನ ಇಲಿ ಅದಕ್ಕೆ ಊಟವಾಗಿ ಕಾಣುವುದೇ ಇಲ್ಲ.

ಪೊರೆ ಬಿಡುವ ಕಾಲ ಬಂದಾಗಲೂ ಸುಮ್ನಿರಬೇಕು. ಮೈ ಬಣ್ಣ ಮಂಕಾಗುತ್ತದೆ, ಹೊಟ್ಟೆ ನಸುಗೆಂಪಾಗುತ್ತದೆ, ಕಣ್ಣು ಬೂದಿ ಬೆರೆತ ನೀಲಿಯಾಗುತ್ತದೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕ ಹುರುಪೆಯೊಂದು ಇರುತ್ತದೆ, ಅದೂ ಪೊರೆಯ ಜೊತೆ ಕಳಚುತ್ತದೆ. ಹಳೆಯ ಪದರ ಮತ್ತು ಹೊಸದರ ನಡುವೆ ದ್ರವ ತುಂಬಿಕೊಂಡಾಗ ಕಣ್ಣು ಹಾಗೆ ಕಾಣುತ್ತದೆ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಸಿಡುಕು ಜಾಸ್ತಿ. ಕೆಲವು ದಿನದ ಮೇಲೆ ಕಣ್ಣು ಮತ್ತೆ ತಿಳಿಯಾಗುತ್ತದೆ. "ಓ, ಪೊರೆ ಬಿಡಲೇ ಇಲ್ಲವಲ್ಲ" ಎಂದುಕೊಳ್ಳುತ್ತಿರುವಾಗಲೇ, ಒಂದು ಬೆಳಗ್ಗೆ ಪೆಟ್ಟಿಗೆಯಲ್ಲಿ ಕಾಲುಚೀಲ ಕಳಚಿದ ಹಾಗೆ ಒಳಮೈ ಹೊರಗಾದ ಪೊರೆ ಬಿದ್ದಿರುತ್ತದೆ. ತುಟಿಯಿಂದ ಬಾಲದ ತುದಿಯವರೆಗೆ ಒಂದೇ ತುಂಡಾಗಿ ಬಂದಿದ್ದರೆ ತೇವ ಸರಿಯಿದೆ ಎಂದರ್ಥ. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲು ತಲೆಯ ಭಾಗ ನೋಡುತ್ತೇನೆ, ಎರಡು ಕಣ್ಣಿನ ಬಟ್ಟಲೂ ಬಂದಿವೆಯಾ ಎಂದು. ಇಡೀ ಹಾವಿನ ಚಿತ್ತಾರ ಮಸುಕಾಗಿ ಆ ಪೊರೆಯಲ್ಲೂ ಕಾಣುತ್ತದೆ, ಹೊಟ್ಟೆಯ ಅಗಲ ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಸಾಲಾಗಿರುತ್ತವೆ. ಪೊರೆ ಚೂರುಚೂರಾಗಿ ಬಂದರೆ ತೇವ ಕಡಿಮೆ. ಒದ್ದೆ ಪಾಚಿ ತುಂಬಿದ ಒಂದು ಡಬ್ಬಿಗೆ ತೂತು ಮಾಡಿ ಒಳಗಿಡಿ, ಅದೇ ಹೋಗಿ ಕೂರುತ್ತದೆ. ಕಣ್ಣಿನ ಬಟ್ಟಲು ಅಂಟಿಕೊಂಡಿದ್ದರೆ ಉಗುರು ಹಾಕಿ ಕೀಳಬೇಡಿ, ಕಣ್ಣೇ ಹೋದೀತು. ಅದು ವೈದ್ಯರ ಕೆಲಸ.

ಕೈಗೆ ತೆಗೆದುಕೊಳ್ಳುವುದು ಹೇಗೆ ಎಂದು ಬಹಳ ಕೇಳುತ್ತಾರೆ. ಮೇಲಿನಿಂದ ಗಬಕ್ಕನೆ ಹಿಡಿಯಬೇಡಿ, ಪಕ್ಕದಿಂದ ಬಂದು ಮೈಯ ನಡುಭಾಗದ ಕೆಳಗೆ ಕೈ ತೂರಿಸಿ ಎತ್ತಿ, ಭಾರವೆಲ್ಲ ನಿಮ್ಮ ಕೈಮೇಲೆ ಬರಲಿ. ಇಲಿ ಮುಟ್ಟಿದ ಕೈ ತೊಳೆಯದೆ ಹೋದರೆ ಬೆರಳನ್ನೇ ಇಲಿ ಎಂದುಕೊಳ್ಳುತ್ತದೆ, ಅದರ ತಪ್ಪಲ್ಲ. ಮೊದಮೊದಲು ಐದು ನಿಮಿಷ ಸಾಕು, ವಾರಕ್ಕೆ ಒಂದೆರಡು ಸಲ. ಮರಿಗಳು ಬಾಲ ನಡುಗಿಸುತ್ತವೆ, ಬುಸುಗುಟ್ಟುತ್ತವೆ, ಕೆಲವು ಕಚ್ಚಿಯೂ ಬಿಡುತ್ತವೆ. ಮರಿಯ ಕಡಿತ ಸೂಜಿ ಚುಚ್ಚಿದಷ್ಟೂ ಇರುವುದಿಲ್ಲ, ಸೋಪು ಹಾಕಿ ತೊಳೆದರೆ ಸಾಕು. ದಿನ ಕಳೆದಂತೆ ಅದು ನಿಮ್ಮನ್ನು ಸಹಿಸಿಕೊಳ್ಳಲು ಕಲಿಯುತ್ತದೆ. ಇದನ್ನು ಪ್ರೀತಿ ಎಂದು ಕರೆಯುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ, ಆದರೆ ನನಗೆ ಸಹಿಸಿಕೊಂಡರೆ ಸಾಕು. ತನ್ನನ್ನು ನುಂಗಬಲ್ಲಷ್ಟು ದೊಡ್ಡ ಪ್ರಾಣಿಯ ಕೈಮೇಲೆ ಅದು ನಾಲಿಗೆ ಆಡಿಸುತ್ತಾ ಅವಸರವಿಲ್ಲದೆ ಹರಿಯುತ್ತದೆ ಎಂದರೆ, ಅದಕ್ಕಿಂತ ಹೆಚ್ಚಿಗೆ ಏನು ಕೇಳುವುದು?

ಹಾವು ಮುಟ್ಟಿದ ಮೇಲೆ ಕೈ ತೊಳೆಯುವುದು ನಿಮ್ಮ ಆರೋಗ್ಯಕ್ಕೆ. ನೋಡಲು ಗಟ್ಟಿಮುಟ್ಟಾಗಿರುವ ಹಾವಿನ ಮೈಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಮನೆಯಲ್ಲಿದ್ದರೆ ಹಾವು ತರುವುದನ್ನು ಮುಂದೂಡುವುದೇ ಒಳ್ಳೆಯದು. ಹಾವಿನ ನೀರಿನ ಬಟ್ಟಲನ್ನು ಪಾತ್ರೆ ತೊಳೆಯುವ ಸಿಂಕ್‌ನಲ್ಲಿ ತೊಳೆಯಬೇಡಿ. ಆ ಬಟ್ಟಲಿನ ತಳವನ್ನು ಮಾತ್ರ ದಿನಾ ನೋಡಿ. ಅಲ್ಲಿ ಕಾಳುಮೆಣಸಿನ ಪುಡಿ ಉದುರಿದಂಥ ಕಪ್ಪು ಚುಕ್ಕಿಗಳು ಕಂಡರೆ ಅದು ಮೈಟ್, ರಕ್ತ ಹೀರುವ ಸಣ್ಣ ಹುಳ. ಹಾವು ದಿನವಿಡೀ ನೀರಿನಲ್ಲೇ ಮುಳುಗಿ ಕೂತರೂ ಇದೇ ಅನುಮಾನ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಸೀಟಿ ಹೊಡೆದಂಥ ಸದ್ದು ಇವು ಶ್ವಾಸಕೋಶದ ಸೋಂಕಿನ ಗುರುತು, ಒಂದು ದಿನವೂ ಕಾಯಬೇಡಿ. ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ. ನೋಡುವವರು ಯಾರು, ಎಷ್ಟು ದೂರ ಎಂಬುದನ್ನು ಹಾವು ತರುವ ಮೊದಲೇ ತಿಳಿದುಕೊಳ್ಳಿ.

ಬೇಸರವಾದರೆ, ಸಾಕಲು ಆಗದಿದ್ದರೆ, ಹೊರಗೆ ಮಾತ್ರ ಬಿಡಬೇಡಿ. ಸಾಕಿದವರ ಕೈತಪ್ಪಿಯೋ, ಅವರು ಬಿಟ್ಟೋ ಹೋದ ಬರ್ಮೀಸ್ ಪೈಥಾನ್‌ಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್‌ನಲ್ಲಿ, ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್‌ಗಳು ಗ್ರಾನ್ ಕನೇರಿಯಾ ದ್ವೀಪದಲ್ಲಿ ಅಲ್ಲಿಯ ಪ್ರಾಣಿಗಳನ್ನು ತಿಂದು ಮುಗಿಸುತ್ತಿವೆ. ಉಳಿದ ಕಡೆಗಳಲ್ಲಿ ಬಿಟ್ಟ ಹಾವೇ ಚಳಿಗೋ ಹಸಿವಿಗೋ ಸಾಯುತ್ತದೆ. ತಳಿಗಾರರನ್ನು ಕೇಳಿ, ಹಾವು ಸಾಕುವ ಬೇರೆಯವರನ್ನು ಕೇಳಿ, ಅದಕ್ಕೊಂದು ಮನೆ ಹುಡುಕಿ.

ಹಾವು ಸಾಕುವುದರಲ್ಲಿ ಒಂದು ಸುಖವೂ ಇದೆ, ಅದನ್ನು ಹೇಳದಿದ್ದರೆ ಮೋಸವಾಗುತ್ತದೆ. ಊರಿಗೆ ಹೋಗಬೇಕಾದರೆ ತಲೆಬಿಸಿ ಇಲ್ಲ. ನಾಯಿ ಇದ್ದವರು ಒಂದು ರಾತ್ರಿಗೂ ಯಾರನ್ನೋ ಬೇಡಿಕೊಳ್ಳಬೇಕು. ಬೆಳೆದ ಹಾವಿಗೆ ಹೊರಡುವ ಮೂರು-ನಾಲ್ಕು ದಿನ ಮೊದಲು ಊಟ ಕೊಟ್ಟು, ನೀರು ತುಂಬಿಸಿದರೆ ಆಯಿತು. ಆದರೂ ಪರಿಚಯದವರೊಬ್ಬರಿಗೆ ಕೀಲಿ ಕೊಟ್ಟು ಹೋಗುತ್ತೇನೆ, ಜೊತೆಗೆ ಒಂದು ಚೀಟಿ. ನೀರು ಬದಲಿಸಿ. ಬಿಸಿ ಕಡೆಯ ಥರ್ಮಾಮೀಟರ್ 30ರ ಆಸುಪಾಸು ಇದೆಯಾ ನೋಡಿ, 33 ದಾಟಿದ್ದರೆ ಸ್ವಿಚ್ ಆರಿಸಿ ನನಗೆ ಫೋನ್ ಮಾಡಿ. ಊಟ ಕೊಡಬೇಡಿ, ಎಷ್ಟೇ ಪಾಪ ಅನಿಸಿದರೂ. ಹಾವು ಕಾಣದಿದ್ದರೆ ಗೂಡು ಎತ್ತಿ ಹುಡುಕಬೇಡಿ, ಅದು ಒಳಗೇ ಇರುತ್ತದೆ. ಹೊರಡುವಾಗ ಎರಡೂ ಕ್ಲಿಪ್ ಹಾಕಿದ್ದೀರಾ ಎಂದು ಬೆರಳಿನಿಂದ ತಳ್ಳಿ ನೋಡಿ.